ಮೂವತ್ತೈದು ನಿಮಿಷದ ದಾರಿ

ಮೂವತ್ತೈದು ನಿಮಿಷ ಅಂತ ಇನ್ನೊಂದ್ಸಲ ಹೇಳ್ಬೇಡ ಪುಟ್ಟಿ. ಕೇಳಿಸ್ತು. ವಿಮಾನ ಹತ್ತಿದ್ರಿ, ನೀರು ಕೊಟ್ರು, ಇಳಿದ್ರಿ. ಸರಿ. ಅದಕ್ಕೆ ಮೊದಲು? ಇಲ್ಲಿಂದ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ. ಅಲ್ಲಿ ಬೂಟು ಬೆಲ್ಟು ಬಿಚ್ಚಿ ಸಾಲಲ್ಲಿ ನಿಲ್ಲೋದು ಎರಡು ಗಂಟೆ. ಆ ಕಡೆ ಇಳಿದು ನಿಮ್ಮನೆ ಸೇರೋಕೆ ಮತ್ತೊಂದು. ಬಸ್ಸು ಐದೇ ಗಂಟೇಲಿ ಬಿಡುತ್ತೆ, ಬೂಟೂ ಬಿಚ್ಚಿಸಲ್ಲ... ಯಾಕೆ ನಗ್ತೀಯ? ಶಾಲೆ ಬಿಟ್ಟೋಳಿಗೆ ಲೆಕ್ಕ ಬರಲ್ವಾ?

ಆ ಸ್ಟೂಲ್ ಮೇಲೆ ಬೇಡ, ಗುಂಡುಸೂಜಿ ಚೆಲ್ಲಿದೆ. ಇಲ್ಲಿ ಕೂತ್ಕೋ.

ಪಕ್ಕದೂರು ಅಂತೀಯ. ಪಕ್ಕದೂರಿಂದ ಅಕ್ಕನ ಅಂಗಡಿ ಮೆಟ್ಟಿಲು ಹತ್ತೋಕೆ ಏಳು ವರ್ಷ ಹಿಡೀತು ನಿಂಗೆ. ಈ ಮಿಷಿನ್ ತುಳಿದು ನಿನ್ನ ಓದಿಸ್ದೆ... ಬೇಡ, ಮಾಡಿದ್ದನ್ನ ಎತ್ತಿ ಆಡೋದು ನನ್ನ ಜಾಯಮಾನ ಅಲ್ಲ. ಆಡಿಬಿಟ್ನಾ? ಆಡಿದ್ರೆ ಆಡಿದೆ, ಬಿಡು.

ಕಣ್ಣೊರೆಸ್ಕೋ. ನನ್ನ ಕೇಳಿ ತೆಗೆಸಿದ್ಯಾ ನಂಗೆ ಟಿಕೆಟ್ಟು? ಸಂಜೆ ವಿಮಾನಕ್ಕೆ ಹೊರಡು, ಇನ್ಮೇಲೆ ನಮ್ಮ ಜೊತೆಗೇ ಇದ್ಬಿಡು ಅಂದ ತಕ್ಷಣ ಗಂಟುಮೂಟೆ ಕಟ್ಟಿ ನಿಲ್ತೀನಿ ಅಂದ್ಕೊಂಡ್ಯಾ? ‘ಒಂದ್ಸಲನಾದ್ರೂ ನಮ್ಮನೆ ನೋಡ್ಲಿಲ್ವಲ್ಲಕ್ಕ’ ಅಂತ ಮೇಲಿಂದ ದೂರು ಬೇರೆ. ಹೌದು, ನೋಡಿಲ್ಲ. ಆ ಊರಿಗೆ ಕಾಲಿಟ್ಟಿಲ್ಲ, ಇಡೋದೂ ಇಲ್ಲ.

ಹಾಗಂತ ಬರಿಗೈಲಿ ಕಳಿಸಲ್ಲ. ಮೇಲಿನ ಗೂಡಲ್ಲಿ ಪೊಟ್ಟಣ ಇದೆ ನೋಡು, ಇಳಿಸು. ಬಿಚ್ಚು. ಪರದೆ ಕಣೇ, ನಿಮ್ಮ ಹಾಲಿಗೆ. ಹೊಲಿದು ಬಹಳ ದಿನ ಆಯ್ತು, ಮಡಿಕೇಲಿ ಬಣ್ಣ ಮಾಸಿದೆ, ಒಗೆದ್ರೆ ಗೊತ್ತಾಗಲ್ಲ. ಉದ್ದದ್ದೆರಡು ಬಾಲ್ಕನಿ ಕಡೆಗೆ. ಈ ಗಿಡ್ಡದು ಮೂಲೆ ಕಿಟಕಿಗೆ. ಅದರ ಕೆಳಗೆ ಕಟ್ಟೆ ಬರುತ್ತಲ್ಲ, ತಾಗಬಾರ್ದು ಅಂತ ಒಂದು ಗೇಣು ಕಮ್ಮಿ ಇಟ್ಟಿದೀನಿ. ಕೂರದಿದ್ರೆ ಕತ್ತರಿ ಕೆಳಗಿಡ್ತೀನಿ...

ಏನೇ? ಯಾಕೆ ಹಾಗೆ ನಿಂತೆ?

ಫೋಟೋದಲ್ಲಿ ನೋಡಿದ್ದು. ನೀನು ಕಳಿಸಿದ್ಯಲ್ಲ, ಪಾಪುದು... ಅದರಲ್ಲಿ ಬರೀ ಮುಖ ಇತ್ತಾ? ಇರ್ಬೋದು. ಹಾಗಾದ್ರೆ ಅಂದಾಜು ಅಂದ್ಕೋ. ಇಷ್ಟು ವರ್ಷ ಹೊಲಿದ ಕೈಗೆ ಅಂದಾಜು ಸಿಗಲ್ವಾ?

ಪರದೆ ಮಡಚಿಡೇ. ಸುಮ್ನೆ ಹಾಗೆ ನೋಡ್ಬೇಡ.

...ಬಂದಿದ್ದೆ. ನಿಂಗೆ ಹೆರಿಗೆ ಆದ ವಾರ. ಸುದ್ದಿ ಬಂತು, ತಡೀಲಿಲ್ಲ, ಅಂಗಡಿಯಿಂದ ಹಾಗೇ ಬಸ್ಸು ಹತ್ತಿದೆ. ಅಳತೆ ಟೇಪು ಕೊರಳಲ್ಲೇ ಉಳೀತು. ಬಾಗಿಲು ತೆಗೆದಿದ್ದು ನಿಮ್ಮತ್ತೆ. ಮದುವೇಲಿ ನನ್ನ ಕೈ ಬಿಡದೆ ಮಾತಾಡಿದವರು, ಟೇಪು ನೋಡಿದ್ರೇ ಹೊರತು ಮುಖ ನೋಡ್ಲಿಲ್ಲ. ‘ಪರದೆಯವಳಾ? ನಿನ್ನೆನೇ ಬರ್ಬೇಕಿತ್ತಲ್ಲ, ಬಾ’ ಅಂದ್ರು. ನಾನು ಅವಳಕ್ಕ ಅಂತ ಬಾಯಿ ತೆಗೀಬೇಕು, ಅಷ್ಟರಲ್ಲಿ ಕೋಣೆಯಿಂದ ನಿನ್ನ ದನಿ. ‘ಬೇಗ ಅಳತೆ ತಗೊಂಡು ಹೋಗೋಕೆ ಹೇಳಿ ಅತ್ತೆ, ಈಗಷ್ಟೇ ಮಗು ಮಲಗಿದೆ. ಈ ಜನ ಒಳಗೆ ಬಂದ್ರೆ ಹೊರಡೋದೇ ಇಲ್ಲ.’

ನಂಗಂದಿದ್ದಲ್ಲ, ಗೊತ್ತು. ನೀನು ನೋಡೇ ಇರ್ಲಿಲ್ಲ. ಆದ್ರೆ ಈ ಜನ ಅಂದ್ಯಲ್ಲ ಪುಟ್ಟಿ, ಆ ಜನದೋಳೇ ನಾನು.

ತಗೊಂಡೆ ಅಳತೆ. ಮಗು ಏಳದ ಹಾಗೆ, ಬೇಗನೇ ತಗೊಂಡೆ.