ಬೀಳೋ ಗೋಡೆಗೆ ಸುಣ್ಣ

...ಬುಡೇ ಸುಕನ್ಯಾ, ಬುಡು ಅಂದೆ! ಆ ನೀರಿನ ಬಕೀಟು ಕೆಳಗಿಡು. ಬೀಳೋ ಗೋಡೆ ತೊಳೆದು ಯಾರಾದ್ರೂ ಸುಣ್ಣ ಬಳೀತಾರಾ? ಗೌರಿಹಬ್ಬ ಅಂತೆ! ಗೌರಮ್ಮ ಏನೂ ಅಂದ್ಕೊಳ್ಳಲ್ಲ ಬುಡು. ನಾಳೆ ರಸ್ತೆಯೋರು ಜೆಸಿಬಿ ತಂದ್ರೆ ಸುಣ್ಣಾನೂ ಮಣ್ಣು, ಗೋಡೇನೂ ಮಣ್ಣು.

ಯಾಕೆ ನಗ್ತೀಯಾ? ತಮಾಸೆ ಮಾಡ್ತಿದ್ದೀನಾ ನಾನು?

ಅಲ್ಲ ಕಣೆ, ವಾರಗಿತ್ತಿ ಅಂತ ಅಲ್ಲ, ಒಡಹುಟ್ಟಿದ ಅಕ್ಕನಂಗೆ ಹೇಳ್ತಿದ್ದೀನಿ. ರಸ್ತೆ ಅಗಲ ಮಾಡಾಕೆ ಅಳತೆಯೋರು ಬಂದು ಮೊದಲು ಕೆಂಪು ಗೀಟು ಎಳೆದಿದ್ದು ನನ್ನ ಗೋಡೆಗೆ. ನನ್ನ ನಡುಮನೆ, ಕೊಟ್ಟಿಗೆ, ಎಲ್ಲ ರಸ್ತೆಗೆ ಓಯ್ತದೆ. ನಿನ್ನ ಮನೆ ತಾವ ಬಂದ್ರೆ ರಸ್ತೆ ಅತ್ಲಾಗೆ ತಿರುಗ್ತದಂತೆ! ಒಂದೇ ಮಾವನ ಮನೆ, ನಡುವೆ ಗೋಡೆ ಆಕಿ ಭಾಗ ಮಾಡಿದ್ದು. ಯಾವಳದು ಯಾವ್ದು ಅಂತ ರಸ್ತೆಗೆಂಗೆ ಗೊತ್ತಾಯ್ತು?

ಹೂಂ... ಆಮೇಲೆ ನಿನ್ನ ಗೋಡೆಗೂ ಗೀಟು ಬಂತಲ್ಲ, ಬುಡು. ನೀನು ಭೇರ್ಯಕ್ಕೆ, ತವರಿಗೆ ಓಗಿದ್ದಾಗ ಬಂದಿದ್ರು. ಇಬ್ರು ಬಂದಿದ್ರು. ಅಲ್ಲ, ಮೂರು ಜನ. ಎಷ್ಟು ಜನ ಬಂದ್ರೆ ನಿಂಗೇನೇ!

ಬೇಜಾರಾಯ್ತದೆ, ನಿಜ. ಊರ ಹೆಂಗಸ್ರೆಲ್ಲ ನಿನ್ನ ಜಗಲೀಲೇ ಕೂರೋದು. ನಿನ್ನ ಮಿಸನ್ನಲ್ಲಿ ಜಾಕೀಟು ಹೊಲಿಸೋದೊಂದು ನೆಪ. ಬಸ್ಸಿನೋನೂ ನಿನ್ನ ಬಾಗಿಲಿಗೇ ನಿಲ್ಲಿಸ್ತಾನೆ. ಅತ್ತೆ ವೀರಮ್ಮ... ಉಣ್ಣೋದು ನನ್ನ ಮನೇಲಿ, ಎಲೆಅಡಿಕೆ ಆಕೊಳ್ಳೋದು ನಿನ್ನ ಜಗಲೀಲಿ! ಹದಿನಾರು ವರ್ಸದಿಂದ ಮುದ್ದೆ ತಿರುವಿ ಆಕ್ತಿರೋಳು ನಾನು ಕಣೆ!

ಹೊಟ್ಟೆಕಿಚ್ಚಾ? ನಂಗಾ? ಥೂ, ಎಂಥ ಮಾತಾಡ್ತೀಯಾ... ಉರೀತಿತ್ತು ಬುಡು. ಇಲ್ಲ ಅನ್ನಾಕಿಲ್ಲ.

ಆದ್ರೆ ನಿನ್ನೆ ಹುಣಸೂರಿನ ಧರಣೀಲಿ ಗಂಟಲು ಅರಿಯಂಗೆ ಕೂಗಿದ್ದು ಯಾರು? ನಾನು! ಟಿಪ್ಪರು ಓಡಾಡಿದ್ರೆ ಅಟ್ಟದ ಮೇಲಿನ ಪಾತ್ರೆ ನಡುಗ್ತವೆ. ನಮ್ಮೂರ ಚಾಮಯ್ಯನ ಎಳೆಗರೂಗೆ ಗುದ್ದಿ, ನಿಲ್ಲಿಸ್ದೆ ಓದ್ರು. ಈ ರಸ್ತೇನ ಇನ್ನೂ ಅಗಲ ಮಾಡ್ತಾರಂತೆ! 'ಮನೆ ಬುಡಾಕಿಲ್ಲ' ಅಂತ ನಿನ್ನ ಮನೇನೂ ಸೇರಿಸಿ ಕೂಗ್ದೆ. ನೀನು ನನ್ನ ಕೈ ಹಿಡ್ಕೊಂಡೆ. 'ಸೋಮಕ್ಕಾ, ಓದ್ರೆ ಇಬ್ರದೂ ಓಗ್ಲಿ' ಅಂದೆ. ನಂಗೆ ಎಷ್ಟು ಸಂತೋಸ ಆಯ್ತು ಗೊತ್ತಾ...

ಏ! ಏ! ಅಲ್ಲಿ ಎರಚಬ್ಯಾಡ! ಗೀಟಿನ ಮೇಲೆ ಬ್ಯಾಡ ಕಣೆ! ಸರ್ಕಾರದ ಗೀಟು, ಅಳಿಸಿದ್ರೆ ಕೇಸಾಯ್ತದೆ...

ಯಾಕೆ ಬೆರಳು ನೋಡ್ಕೊಂಡು ನಿಂತೆ? ಪೇಂಟು ಕಣೆ ಅದು. ಕಳಪೆ ಪೇಂಟು. ಮೂಸಬ್ಯಾಡ... ಮೂಸಬ್ಯಾಡ ಅಂದೆ!

ನನ್ನ ಹೊಸಲು ಯಾಕೆ ನೋಡ್ತೀಯಾ? ಹಬ್ಬಕ್ಕೆ ಕೆಮ್ಮಣ್ಣು ಬಳಿದಿದ್ದೀನಿ. ಎಲ್ಲಾರೂ ಬಳೀತಾರೆ. ಬಳಿದ ಮೇಲೆ ಒಂದೀಟು ಉಳಿದಿತ್ತು... ನೀನು ಊರಲ್ಲಿರಲಿಲ್ಲ... ಗೋಡೆ ಬೆಳ್ಳಗಿತ್ತು ಕಣೆ.

ಬಯ್ಯೇ. ಬಾಯಿಗೆ ಬಂದಂಗೆ ಬಯ್ಯೇ ಸುಕನ್ಯಾ!

ಬಕೀಟು ಎತ್ಕೊಂಡು ಎಲ್ಲಿಗೆ ಹೊಂಟೆ? ಅದು ನನ್ನ ಗೋಡೆ... ಬ್ಯಾಡ ಕಣೆ, ಉಜ್ಜಬ್ಯಾಡ, ನಿನ್ನ ಕೈ ಕಿತ್ತೋಯ್ತದೆ. ನಾನೂ ಉಜ್ಜಿ ನೋಡಿದ್ದೀನಿ.

ನನ್ನದು ಓಗಾಕಿಲ್ಲ ಕಣೆ.