ಮೇಷ್ಟ್ರು ಬಿಗಿದ ಪಟ್ಟಿ

ಸವಾರಿ ಮೇಷ್ಟ್ರು ತೀರಿಕೊಂಡ ದಿನ ವರ್ಷವರ್ಷವೂ ನಡೆಯುವ ನೆನಪಿನ ಸಭೆ ಆಗತಾನೇ ಮುಗಿದಿತ್ತು. ಮಳೆ ಹಿಡಿದುಕೊಂಡಿದ್ದರಿಂದ ನಾವು ಐದಾರು ಜನ ಸವಾರಿ ಕಲಿಯುವವರು ಲಾಯದ ಪಕ್ಕದ ಜೀನು ಕೋಣೆಯಲ್ಲಿ ಸಿಕ್ಕಿಕೊಂಡೆವು. ಗೋಡೆಯ ಗೂಟಗಳ ತುಂಬ ಜೀನುಗಳು, ಕಡಿವಾಣಗಳು. ಮೂಲೆಯ ಸ್ಟೂಲಿನ ಮೇಲೆ, ಜೀನುಗಳನ್ನು ನೋಡಿಕೊಳ್ಳುವುದರಿಂದ ನಾವೆಲ್ಲ ಜೀನಜ್ಜಿ ಎಂದು ಕರೆಯುವ ಅಜ್ಜಿ ಕೂತು ಚರ್ಮಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಅವರು ಮೇಷ್ಟ್ರ ಒಡಹುಟ್ಟಿದ ಅಕ್ಕ. ಆದರೂ ಸಭೆಗೆ ಬಂದಿರಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಗೆಳತಿ, ‘ಲಾಯದ ಯಜಮಾನರು ಎಷ್ಟು ಚೆನ್ನಾಗಿ ಮಾತಾಡಿದ್ರು ಅಜ್ಜಿ, ನಂಗೆ ಅಳುನೇ ಬಂತು’ ಎಂದಳು. ಅಜ್ಜಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು.

‘ಬರುತ್ತೆ. ಬರದೇ ಏನು... ಕೂತ್ಕೊಳ್ಳಿ ಎಲ್ಲ, ಈ ಮಳೇಲಿ ಎಲ್ಲಿಗೂ ಹೋಗಕ್ಕಾಗಲ್ಲ. ಬಾಗಿಲು ಮುಂದೆ ಮಾಡಮ್ಮ, ಪಕ್ಕದ ಆಫೀಸಲ್ಲಿ ಆ ಯಜಮಾನ ಇದ್ದಾನೆ. ಬೇಡ ಬಿಡು, ತೆಗೆದೇ ಇರ್ಲಿ. ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಳಲಿ.

‘ನನ್ನ ತಮ್ಮನ ಫೋಟೋ ನೋಡಿದ್ದೀರಿ, ಅಷ್ಟೆ. ಅವನು ಎಷ್ಟು ಬೈದ್ರೂ ಮಕ್ಕಳು ಅವನ ಹಿಂದೆನೇ ಸುತ್ತೋವು. ಯಾಕೆ ಅಂತೀರಾ? ಅವನ ಕೈಲಿ ಕಲಿತವರು ಯಾರೂ ಬಿದ್ದು ಕೈಕಾಲು ಮುರ್ಕೊಂಡಿಲ್ಲ. ಕುದುರೆ ಇದ್ಯಲ್ಲ, ಅದು ಕಳ್ಳ ಜಾತಿ. ಹೊಟ್ಟೆ ಸುತ್ತ ಜೀನಿನ ಪಟ್ಟಿ ಬಿಗಿಯುವಾಗ ಉಬ್ಬಿಸ್ಕೊಂಡು ಉಸಿರು ಹಿಡಿಯುತ್ತೆ... ಬಿಗಿಯಾಯ್ತು ಅಂತ ನೀವು ಹತ್ತಿದ್ರೆ ಆಮೇಲೆ ಉಸಿರು ಬಿಡುತ್ತೆ, ಜೀನು ಸಡಿಲ. ನನ್ನ ತಮ್ಮ ಅದರ ಹೊಟ್ಟೆ ಮೇಲೆ ಕೈ ಇಟ್ಕೊಂಡು ಕಾಯ್ತಿದ್ದ. ಉಸಿರು ಬಿಡ್ತೋ, ಎಳೆದ. ಮತ್ತೆ ಬಿಡ್ತೋ, ಮತ್ತೆ ಎಳೆದ. ಒಂದು ದಿನಾನೂ ತಪ್ಪಿಸಿದವನಲ್ಲ.

‘ಅವತ್ತೂ ತಪ್ಪಿಸಲಿಲ್ಲ. ಯಜಮಾನನ ಬೀಗರು ಬಂದಿದ್ರು, ಅವರಿಗೆ ಬೇಲಿ ನೆಗೆಸಿ ತೋರಿಸ್ಬೇಕಿತ್ತು. ತಮ್ಮ ಪಟ್ಟಿ ಬಿಗಿದು ಕುದುರೆ ನಿಲ್ಲಿಸಿ, ಮಕ್ಕಳನ್ನ ದೂರ ಕೂರಿಸಕ್ಕೆ ಹೋದ. ಅಷ್ಟರಲ್ಲಿ ಈ ಮಹಾನುಭಾವ ಬೀಗರ ಮುಂದೆ ದೊಡ್ಡಸ್ತಿಕೆ ತೋರಿಸಕ್ಕೆ, “ಪಾಪ, ಉಸಿರಾಡ್ಲಿ” ಅಂತ ಪಟ್ಟಿ ಸಡಿಲ ಮಾಡ್ದ. ಸಡಿಲ ಮಾಡೋದು ತಪ್ಪಲ್ಲ ಕಣ್ರೋ. ಆದ್ರೆ ಸಡಿಲ ಮಾಡಿದವನು ಕಾಲಿಡೋ ರಿಕಾಪುಗಳನ್ನ ಎತ್ತಿ ಜೀನಿನ ಮೇಲೆ ಹಾಕ್ಬೇಕು. ಅದು ಲಾಯದ ಕಟ್ಟಳೆ, ರಿಕಾಪು ಮೇಲಿದ್ರೆ ಯಾರೂ ಹತ್ತಲ್ಲ. ಇವನು ಹಾಕ್ಲಿಲ್ಲ. ಹಲ್ಲು ಕಿರೀತಾ ಹೋಗಿ ಕೂತ. ತಮ್ಮ ಬಂದ, ರಿಕಾಪು ಕೆಳಗೇ ನೇತಾಡ್ತಿರೋದು ನೋಡ್ದ, ಪಟ್ಟಿ ಬಿಗಿಯಾಗೇ ಇದೆ ಅಂತ ಹತ್ತಿದ... ನೆಗೆಯೋ ಹೊತ್ತಿಗೆ ಜೀನು ಹೊಟ್ಟೆ ಕೆಳಗೆ ತಿರುಗಿಬಿಡ್ತು. ಆಮೇಲಿಂದು ನಾನು ಹೇಳಲ್ಲ.

‘ಇದನ್ನೆಲ್ಲ ನನ್ನ ಹತ್ರ ಅತ್ಕೊಂಡು ಹೇಳಿದ್ದು ಆ ಬೀಗಿತ್ತಿನೇ. ಎಲ್ಲರ ಮುಂದೆ ಹೇಳಮ್ಮ ಅಂದ್ರೆ ಬಾಯಿ ಬಿಡ್ಲಿಲ್ಲ. ಯಜಮಾನ ಮಾತ್ರ ಊರಿಗೆಲ್ಲ ಸಾರಿದ, “ಮೇಷ್ಟ್ರು ಎರಡನೇ ಸಲ ಬಿಗಿಯೋದು ಮರೆತ್ರು” ಅಂತ. ನಾನು ಬಾಯಿ ಬಡ್ಕೊಂಡೆ. “ಅಕ್ಕ ಅಲ್ವಾ, ಹಾಗೇ ಅಂತಾಳೆ” ಅಂದ್ರು. ಪ್ರಾಣ ಹೋಯ್ತು ಸರಿ, ಹೆಸರನ್ನೂ ತಿಂದ್ರೆ? ಹೊಟ್ಟೆ ಉರಿಯಲ್ವಾ?

‘ಮೊದಲನೇ ಸಭೆಗೆ ನಾನೂ ಹೋಗಿದ್ದೆ. ಇವನು ಎದ್ದು ನಿಂತು, “ನಮಗೆಲ್ಲ ಕಲಿಸಿದವರು ತಾವೇ ಮರೆತ್ರು” ಅಂತ ಒಂದು ನಿಟ್ಟುಸಿರು ಬಿಟ್ಟ ನೋಡಿ... ಹಾಗೇ ಬಗ್ಗಿಹೋದ. ಜನ ದುಃಖ ಅಂದ್ಕೊಂಡ್ರು. ನಂಗೆ ಗೊತ್ತಾಯ್ತು. ಪಟ್ಟಿ ಎಳೆಯೋ ಸದ್ದು ನನ್ನ ಕಿವಿಗೆ ಹೊಸದೇನಲ್ಲ.

‘ವರ್ಷ ವರ್ಷ ಅದೇ ಸುಳ್ಳು, ವರ್ಷ ವರ್ಷ ಇನ್ನಷ್ಟು ಬಿಗಿ. ಬೆಲ್ಟ್ ಕಟ್ಟೋದು ಬಿಟ್ಟ. ಬೆಲ್ಟ್ ಬಿಡಬಹುದು, ಪಕ್ಕೆಲುಬು ಬಿಡಕ್ಕಾಗುತ್ತಾ? ಡಾಕ್ಟರು ಅಂಗಿ ಬಿಚ್ಚಿಸಿ ನೋಡಿದ್ರೆ ಎದೆ ಕೆಳಗೆ ಅಂಗೈ ಅಗಲದ ಬರೆ, ಎರಡೂ ಪಕ್ಕದಲ್ಲಿ ಜೀನಿನ ಪಟ್ಟಿ ಬಕಲ್ಲಿನ ಗುರುತು. ಅವನ ಹೆಂಡ್ತಿನೇ ಹೇಳಿದ್ದು. ಮಲಗಲ್ವಂತೆ, ಉಸಿರು ಹಿಡ್ಕೊಂಡು ಕೂತೇ ಇರ್ತಾನಂತೆ. ಎಷ್ಟು ಹೊತ್ತು ಹಿಡೀತಾನೆ... ಬಿಡ್ಲೇಬೇಕಲ್ಲ. ಬಿಟ್ಟಾಗ ಅಲ್ಲೊಂದು ಕೈ ಕಾಯ್ತಿರುತ್ತೆ.

‘ಮೊನ್ನೆ ಇಲ್ಲಿಗೇ ಬಂದು ನನ್ನ ಕಾಲು ಹಿಡ್ಕೊಂಡ. “ಅಕ್ಕಾ, ನಿಮ್ಮ ತಮ್ಮನಿಗೆ ಬಿಡು ಅಂತ ಹೇಳಿ” ಅಂದ. ಸಡಿಲ ಮಾಡಿದ್ದು ನಾನೇ ಅಂತ ಸಭೇಲಿ ಹೇಳು, ಅವನೇ ಬಿಡ್ತಾನೆ ಅಂದೆ. ಆಗ್ಲಿ ಅಂದ. ಈ ಸಲನೂ ಸುಳ್ಳು ಹೇಳಿದ್ರೆ ಇದೇ ಕೊನೆ ಎಳೆತ ಅಂತಾನೂ ಹೇಳಿ ಕಳಿಸಿದೀನಿ... ಈಗ ನೀವು ಹೇಳಿ. ಇವತ್ತು ಅವನು ಏನಂದ?’

ಬ್ಯಾಂಕಿನ ಗೆಳತಿ ತಲೆ ತಗ್ಗಿಸಿ, ‘ಮೇಷ್ಟ್ರು ಮರೆತ್ರು ಅಂತಾನೇ ಅಂದ್ರು ಅಜ್ಜಿ’ ಎಂದಳು.

ಅಜ್ಜಿ ಬಟ್ಟೆ ಎತ್ತಿಕೊಂಡು ಮತ್ತೆ ಚರ್ಮ ತಿಕ್ಕತೊಡಗಿದರು. ಸ್ವಲ್ಪ ಹೊತ್ತಿಗೆ ಪಕ್ಕದ ಆಫೀಸಿನಲ್ಲಿ ಕುರ್ಚಿ ಉರುಳಿದ ಸದ್ದಾಯಿತು. ನಾವೆಲ್ಲ ಗಾಬರಿಯಾಗಿ ಎದ್ದೆವು.

‘ಕೂತ್ಕೊಳ್ಳಿ’ ಎಂದರು ಅಜ್ಜಿ, ತಲೆ ಎತ್ತದೆ. ‘ನನ್ನ ತಮ್ಮ ಕೆಲಸ ಮಾಡುವಾಗ ಯಾರೂ ಅಡ್ಡ ಹೋಗ್ಬಾರ್ದು.’