ಬೆಲ್ಲಾ ಅಂದ ಕೂಸು

ಅಮರೇಶನ ಮಗಳಿಗೆ ನಾಲ್ಕು ವರ್ಷವಾದರೂ ಮಾತು ಬಂದಿರಲಿಲ್ಲ. ಮಾನ್ವಿ ಬಸ್ ನಿಲ್ದಾಣದಲ್ಲಿ ಅವನ ಊರಿನವನೇ ಆದ ಉರುಕುಂದಪ್ಪನಿಗೆ ಇದು ಗೊತ್ತಾದದ್ದು ಪಕ್ಕದಲ್ಲಿ ಕೂತ ಅಮರೇಶನ ತಂಗಿ ನಾಗವೇಣಿ ಗೆಳತಿಗೆ ಹೇಳುವಾಗ.

"ನಾಕು ವರ್ಷಾದರೂ ಮಾತಿಲ್ಲದ ನಮ್ಮಣ್ಣನ ಮಗಳು ಹೋದ ವಾರ 'ಬೆಲ್ಲಾ' ಅಂದ್ಲು, ದೇವಿಕಾ!"

"ಹೆಂಗ ಕಲಿಸಿದಿ?"

"ಎಂಎಸ್ಸಿ ಸೈಕಾಲಜಿ ಪ್ರಾಜೆಕ್ಟ್. ಮೊದಲು ತುಟಿ ಕೂಡಿಸಿದ್ರ ಬೆಲ್ಲ ಕೊಟ್ಟೆ, ಆಮ್ಯಾಲ 'ಬ' ಅಂದ್ರ ಮಾತ್ರ."

"ಸಕ್ಕರಿ ರೋಗ ಹಚ್ಚತಿ ನೋಡು."

"ಇನ್ನ ಕೇಳಿದ್ರೂ ಬೆಲ್ಲ ಕೊಡಬಾರದಂತ, ಪ್ರಾಜೆಕ್ಟ್ ಸರ್ ಹೇಳ್ಯಾರ. ಆಕಿ ಮಾತು ನಿಂತ್ರನ ಬೆಲ್ಲದಿಂದ ಬಂತು ಅಂತ ಸಾಬೀತು."

"ಮತ್ತ?"

"ದಿನಾ ಕೇಳಾಕತ್ತಾಳ, ಕೊಡಾಕತ್ತೀನಿ. ನಿಲ್ಲಸಂಗಿಲ್ಲ ಅಂತ ಸರ್‌ಗೆ ಹೇಳಿಬಂದೆ."

"ಏನಂದ್ರು?"

"ಸಾಬೀತಿಲ್ಲಂದ್ರ ಅದರ ಅಂಕ ಇಲ್ಲ ಅಂದ್ರು. ಹದಿನೈದು."

"ಹುಚ್ಚಿ ಅದಿ. ನಾಳೆ ಅವ್ವ ಅಂತ ಕಲಿಸು."

"ಅತ್ತಿ ಅಂತ ಕಲಿಸ್ತೀನಿ ಮೊದಲ."

ಕಲ್ಲೂರು ಬಸ್ಸು ಬಂತು. ಇಬ್ಬರೂ ನಗುತ್ತಾ ಓಡಿ ಹತ್ತಿದರು. ನಾಗವೇಣಿಗೆ ಹೋದದ್ದು ಹದಿನೈದು ಅಂಕ ಮಾತ್ರ.